ಗೋರಿಕಲ್ಲನ್ನು ಓದುವ ಬಗೆ: ಹೆಸರುವಾಸಿಗಳ, ಕುಖ್ಯಾತರ ಸಮಾಧಿ ಹುಡುಕಿ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಶ್ರೀರಂಗಪಟ್ಟಣದ ಗುಂಬಜ್‌ನ ಒಳಗೆ ಮೂರು ಗೋರಿಗಳಿವೆ. ನಡುವೆ ಹೈದರಾಲಿ, ಅವನ ಎರಡು ಪಕ್ಕಗಳಲ್ಲಿ ಹೆಂಡತಿ ಫಾತಿಮಾ ಫಕ್ರುನ್ನೀಸಾ ಮತ್ತು ಮಗ ಟಿಪ್ಪು. ಬಂದವರು ಚಪ್ಪಲಿ ಕಳಚಿ ಒಳಹೋಗುತ್ತಾರೆ, ಗೋಡೆಯ ಹುಲಿಪಟ್ಟೆಯ ಬಣ್ಣವನ್ನೊಮ್ಮೆ ನೋಡುತ್ತಾರೆ, ಎರಡು ನಿಮಿಷಕ್ಕೆ ಹೊರಬರುತ್ತಾರೆ. ಮೊದಲ ಸಲ ನಾನೂ ಹಾಗೆಯೇ ಹೊರಬಂದಿದ್ದೆ. ಎರಡನೆಯ ಸಲ ಹೋದಾಗ ಬಾಗಿಲ ಬಳಿಯೇ ನಿಂತುಬಿಟ್ಟೆ. ಕರಿಮರದಲ್ಲಿ ದಂತದ ಕುಸುರಿ ಕೂರಿಸಿದ ಆ ಬಾಗಿಲುಗಳನ್ನು ಕೊಟ್ಟವನು ಗವರ್ನರ್ ಜನರಲ್ ಡಾಲ್‌ಹೌಸಿ. ಕಟ್ಟಡವನ್ನು ಟಿಪ್ಪು ಕಟ್ಟಿಸಿದ್ದು 1782–84ರಲ್ಲಿ, ತಂದೆಗಾಗಿ. 1799ರ ಮೇ 5ರಂದು ಅದೇ ಟಿಪ್ಪುವನ್ನು ಸೇನಾ ಗೌರವದೊಂದಿಗೆ ಅಲ್ಲಿ ಮಣ್ಣು ಮಾಡಿಸಿದವರು, ಹಿಂದಿನ ದಿನ ಅವನ ಕೋಟೆಗೆ ನುಗ್ಗಿದ ಇಂಗ್ಲಿಷರು.

ಅಂದಿನಿಂದ ಯಾವ ಸಮಾಧಿಯ ಮುಂದೆ ನಿಂತರೂ, ಒಳಗೆ ಮಲಗಿರುವವರು ಯಾರು ಎಂಬುದಕ್ಕಿಂತ ಮೊದಲು ಇದನ್ನು ಕಟ್ಟಿಸಿದವರು ಯಾರು, ಯಾವಾಗ, ಏಕೆ ಎಂದು ಕೇಳಿಕೊಳ್ಳುತ್ತೇನೆ. ಸತ್ತವರು ತಮ್ಮ ಗೋರಿಕಲ್ಲನ್ನು ತಾವೇ ಬರೆಸಿಕೊಳ್ಳುವುದು ಅಪರೂಪ. ಬರೆಸಿದವರು ಉಳಿದವರು. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಈ ಒಂದು ಪ್ರಶ್ನೆಯ ಸುತ್ತಲೇ ಇವೆ.

ಹಂತ 1: ನೋಡಲು ಹೊರಟಿರುವುದು ಏನು ಎಂದು ಮೊದಲು ತಿಳಿಯಿರಿ

‘ಸಮಾಧಿ’ ಎಂಬ ಒಂದೇ ಮಾತನ್ನು ನಾವು ಹತ್ತು ಬಗೆಯ ಜಾಗಗಳಿಗೆ ಬಳಸುತ್ತೇವೆ. ಹೊರಡುವ ಮೊದಲೇ ಅವುಗಳನ್ನು ಬಿಡಿಸಿಕೊಳ್ಳದಿದ್ದರೆ ಮುಂದೆ ಗೊಂದಲ ತಪ್ಪದು.

ಗೋರಿ ಎಂದರೆ ದೇಹವನ್ನು ಹೂಳಿದ ಜಾಗ. ಅದರ ಮೇಲೆ ಕಟ್ಟಡ ಎದ್ದರೆ ಮಕ್ಬರಾ ಅಥವಾ ರೌಜಾ. ಸೂಫಿ ಸಂತರದಾದರೆ, ಜನ ಹರಕೆ ಹೊತ್ತು ಬರುವಂತಾದರೆ, ದರ್ಗಾ. ಲಿಂಗಾಯತ ಮಠಗಳಲ್ಲಿ ಗದ್ದುಗೆ ಇರುತ್ತದೆ. ಅಲ್ಲಿ ದೇಹವನ್ನು ಕುಳಿತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಮಣ್ಣಿಗೊಪ್ಪಿಸುತ್ತಾರೆ. ಮಾಧ್ವ ಯತಿಗಳದು ಬೃಂದಾವನ. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವಬೃಂದಾವನದಲ್ಲಿ ವ್ಯಾಸರಾಜರೂ ಸೇರಿದಂತೆ ಒಂಬತ್ತು ಯತಿಗಳ ಬೃಂದಾವನಗಳಿವೆ. ಜೈನರ ನಿಷಿಧಿ ಕಲ್ಲು ಸಲ್ಲೇಖನ, ಅಂದರೆ ಉಪವಾಸದ ವ್ರತದಿಂದ ಪ್ರಾಣ ಬಿಟ್ಟವರ ನೆನಪಿಗೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಇಂಥ ಬರಹಗಳು ಹೇರಳವಾಗಿವೆ.

ಕಾದಾಡಿ ಸತ್ತವರ ವೀರಗಲ್ಲು ಮತ್ತು ಗಂಡನ ಚಿತೆಯೇರಿದವರ ಮಾಸ್ತಿಕಲ್ಲುಗಳ ಅಡಿಯಲ್ಲಿ ದೇಹ ಇರಲೇಬೇಕೆಂದಿಲ್ಲ. ಅವು ನೆನಪಿನ ಕಲ್ಲುಗಳು. ಹಾಗೆಯೇ ದಹನವಾದವರ ‘ಸಮಾಧಿ’ ಎಂದರೆ ಚಿತೆ ಉರಿದ ಜಾಗ. ಕುಪ್ಪಳಿಯ ಕವಿಶೈಲ ಅಂಥದ್ದು: 1994ರ ನವೆಂಬರ್ 11ರಂದು ತೀರಿಕೊಂಡ ಕುವೆಂಪು ಅವರ ಅಂತ್ಯಸಂಸ್ಕಾರ ಅಲ್ಲಿ ನಡೆಯಿತು. ಸುತ್ತ ನಿಲ್ಲಿಸಿರುವ ದೊಡ್ಡ ಕಲ್ಲುಗಳು ಆಮೇಲೆ ಬಂದವು. ಆದರೆ ಅದೇ ಬಂಡೆಯ ಮೇಲೆ ಅದಕ್ಕೂ ಎಷ್ಟೋ ಮೊದಲು ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ತಮ್ಮ ಹೆಸರುಗಳನ್ನು ಕೆತ್ತಿದ ಗುರುತಿದೆ. ಹೋದವರಲ್ಲಿ ಹೆಚ್ಚಿನವರು ದೊಡ್ಡ ಕಲ್ಲುಗಳ ನಡುವೆ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ನೀವು ಬಗ್ಗಿ ಆ ಹೆಸರುಗಳನ್ನು ಹುಡುಕಿ. ಕವಿ ಬದುಕಿದ್ದಾಗ ಆ ಬಂಡೆ ಅವರಿಗೆ ಏನಾಗಿತ್ತು ಎಂಬುದನ್ನು ಅಷ್ಟು ಹತ್ತಿರದಿಂದ ತೋರಿಸುವುದು ಅವೇ.

ಹಂತ 2: ಮನೆಯಲ್ಲೇ ಕುಳಿತು ಸಾವಿನ ಒಂದು ಹಾಳೆ ಬರೆಯಿರಿ

ವ್ಯಕ್ತಿಯ ಇಡೀ ಜೀವನಚರಿತ್ರೆಯನ್ನು ಹೊತ್ತುಕೊಂಡು ಹೋಗುವುದು ಬೇಡ. ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಳ್ಳಿ: ಸತ್ತದ್ದು ಎಂದು, ಎಲ್ಲಿ, ಹೇಗೆ, ಆಗ ಹತ್ತಿರ ಯಾರಿದ್ದರು, ದೇಹ ಅಲ್ಲಿಂದ ಎಲ್ಲಿಗೆ ಹೋಯಿತು, ಸಮಾಧಿ ಕಟ್ಟಿದ್ದು ಯಾರು, ಎಷ್ಟು ವರ್ಷದ ನಂತರ.

ಹೈದರಾಲಿಯ ಹಾಳೆಯನ್ನೇ ನೋಡಿ. ಸತ್ತದ್ದು 1782ರ ಡಿಸೆಂಬರ್ 7, ಚಿತ್ತೂರಿನ ಬಳಿಯ ದಂಡಿನ ಪಾಳೆಯದಲ್ಲಿ. ಟಿಪ್ಪು ಆಗ ದೂರದ ಮಲಬಾರಿನ ಕಡೆ ಇದ್ದ. ಸುದ್ದಿ ಹೊರಬಿದ್ದರೆ ದಂಡು ಒಡೆಯಬಹುದೆಂದು ಅಧಿಕಾರಿಗಳು ಸಾವನ್ನು ಗುಟ್ಟಾಗಿಟ್ಟರು. ದೇಹವನ್ನು ಮೊದಲು ಕೋಲಾರಕ್ಕೆ ಒಯ್ದು ತಂದೆಯ ಗೋರಿಯ ಜಾಗದಲ್ಲಿ ಇರಿಸಿದರು. ಶ್ರೀರಂಗಪಟ್ಟಣಕ್ಕೆ ಬಂದದ್ದು ಆಮೇಲೆ. ಈ ನಾಲ್ಕು ಸಾಲು ಬರೆದುಕೊಂಡವರಿಗೆ ಕೋಲಾರದ ಮಕ್ಬರಾ ಕೂಡ ಹೈದರನ ಕಥೆಯ ಒಂದು ನಿಲ್ದಾಣ ಎಂಬುದು ತಾನಾಗಿ ಹೊಳೆಯುತ್ತದೆ. ಟಿಪ್ಪುವಿನ ಮಕ್ಕಳ ಹಾಳೆ ಬರೆದರೆ ದಾರಿ ಇನ್ನೂ ಉದ್ದವಾಗುತ್ತದೆ. 1799ರ ನಂತರ ಅವರನ್ನು ವೆಲ್ಲೂರಿಗೆ ಕಳುಹಿಸಿದರು. 1806ರ ವೆಲ್ಲೂರು ದಂಗೆಯ ನಂತರ ಕಲ್ಕತ್ತೆಗೆ ಸಾಗಿಸಿದರು. ಒಂದೇ ಮನೆತನದ ಗೋರಿಗಳು ಕೋಲಾರ, ಶ್ರೀರಂಗಪಟ್ಟಣ, ವೆಲ್ಲೂರು, ಕಲ್ಕತ್ತೆ ಎಂದು ಚದುರಿಹೋಗಿವೆ. ಆ ನಾಲ್ಕು ಊರುಗಳನ್ನು ನಕ್ಷೆಯಲ್ಲಿ ಗೆರೆ ಎಳೆದು ಜೋಡಿಸಿದರೆ ಏಳು, ಬೀಳು ಎರಡೂ ಕಾಣುತ್ತವೆ.

ಕೆಲವು ಹಾಳೆಗಳು ಎರಡೇ ಸಾಲಿಗೆ ಮುಗಿಯುತ್ತವೆ. ಶಿವಾಜಿಯ ತಂದೆ ಷಹಾಜಿ 1664ರ ಜನವರಿಯಲ್ಲಿ ಬೇಟೆಯಾಡುತ್ತಿದ್ದಾಗ ಕುದುರೆಯಿಂದ ಬಿದ್ದು ಸತ್ತ. ಸಮಾಧಿ ಇರುವುದು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಬೆಂಗಳೂರನ್ನು ಜಹಗೀರಾಗಿ ಆಳಿದ, ಒಬ್ಬ ಮಗ ಮರಾಠಾ ರಾಜ್ಯವನ್ನೂ ಇನ್ನೊಬ್ಬ ಮಗ ತಂಜಾವೂರಿನ ಮರಾಠಾ ಅರಸುಮನೆತನವನ್ನೂ ಕಟ್ಟಿದ ಮನುಷ್ಯನ ಜಾಗ ಅದು. ಗುಮ್ಮಟವಿಲ್ಲ, ಮಿನಾರಿಲ್ಲ. ಹೀಗೆ ಊರಿನಿಂದ ದೂರದಲ್ಲಿ ಥಟ್ಟನೆ ಸತ್ತವರಿಗೆ ಆತುರದಲ್ಲಿ ಸಿಗುವ ಸಮಾಧಿ ಹೀಗೆಯೇ ಸರಳವಾಗಿರುತ್ತದೆ.

ಹಂತ 3: ದಾಖಲೆಗಳನ್ನು ಎಲ್ಲಿ ಹುಡುಕಬೇಕು

ಕಲ್ಲಿನ ಬರಹಗಳಿಗೆ ಬಿ.ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳೇ ಮೊದಲ ಬಾಗಿಲು. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿರುವುದರಿಂದ ನಿಮ್ಮ ಊರಿನ ಹೆಸರಿನಿಂದಲೇ ಹುಡುಕಬಹುದು. ಜಿಲ್ಲಾ ಗ್ಯಾಸೆಟಿಯರ್‌ಗಳಲ್ಲಿ ‘ನೋಡತಕ್ಕ ಸ್ಥಳಗಳು’ ಎಂಬ ಭಾಗವನ್ನು ಬಿಡದೆ ಓದಿ. ಪರ್ಷಿಯನ್, ಅರೇಬಿಕ್ ಬರಹಗಳಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪ್ರತ್ಯೇಕ ಶಾಖೆ ನಾಗಪುರದಲ್ಲಿದೆ. ಕನ್ನಡ ಮತ್ತು ಸಂಸ್ಕೃತ ಶಾಸನಗಳ ಕಚೇರಿ ಮೈಸೂರಿನಲ್ಲಿದೆ. ಕ್ರೈಸ್ತರ ಗೋರಿಗಳಾದರೆ ಹಳೆಯ ಚರ್ಚುಗಳ ಶವಸಂಸ್ಕಾರದ ಪುಸ್ತಕಗಳು ನೆರವಿಗೆ ಬರುತ್ತವೆ, ಏಕೆಂದರೆ ಕಲ್ಲು ಸವೆದರೂ ಆ ಪುಸ್ತಕದಲ್ಲಿ ಹೆಸರು, ವಯಸ್ಸು, ಕೆಲವೊಮ್ಮೆ ಸಾವಿನ ಕಾರಣವೂ ಉಳಿದಿರುತ್ತದೆ.

ಊರಿಗೆ ಹೋದ ಮೇಲೆ ಹಿರಿಯರನ್ನು ಕೇಳಿ. ಆದರೆ ಅವರು ಹೇಳಿದ್ದನ್ನು ‘ಊರಿನವರು ಹೇಳುವಂತೆ’ ಎಂದು ಬೇರೆಯಾಗಿಯೇ ಬರೆದಿಡಿ. ಎರಡನ್ನೂ ಕಲಸಿದರೆ ನಿಮಗೇ ಮುಂದೆ ಬಿಡಿಸಲು ಆಗುವುದಿಲ್ಲ.

ಹಂತ 4: ಚೀಲದಲ್ಲಿ ಏನಿರಬೇಕು

ಟಾರ್ಚು, ಅಳತೆಪಟ್ಟಿ, ಪೆನ್ಸಿಲ್, ಗೆರೆ ಹಾಕಿದ ನೋಟ್‌ಬುಕ್, ದಿಕ್ಸೂಚಿ (ಮೊಬೈಲಿನಲ್ಲಿರುವುದೇ ಸಾಕು), ಕುಡಿಯುವ ನೀರು. ಇವುಗಳಲ್ಲಿ ತೀರಾ ಮುಖ್ಯವಾದದ್ದು ಟಾರ್ಚು.

ಶ್ರೀರಂಗಪಟ್ಟಣದಲ್ಲಿ ಇಂಗ್ಲಿಷ್ ದಂಡಿನವರನ್ನು ಹೂಳಿದ ಗ್ಯಾರಿಸನ್ ಸ್ಮಶಾನಕ್ಕೆ ನಾನು ಮೊದಲು ಹೋದದ್ದು ಮಟಮಟ ಮಧ್ಯಾಹ್ನ. ನೆತ್ತಿಯ ಮೇಲಿನ ಬಿಸಿಲಿಗೆ ಕಲ್ಲು ಬೋಳಾಗಿ, ಬೆಳ್ಳಗೆ ಕಾಣುತ್ತಿತ್ತು. ಅಕ್ಷರವೇ ಇಲ್ಲ ಎಂದುಕೊಂಡು ಹೊರಟಿದ್ದೆ. ಕೊನೆಗೊಮ್ಮೆ ಮೈಗೆ ಹೊದ್ದಿದ್ದ ಬಟ್ಟೆಯಿಂದ ಕಲ್ಲಿಗೆ ನೆರಳು ಮಾಡಿ, ಟಾರ್ಚನ್ನು ಕಲ್ಲಿನ ಅಂಚಿಗೇ ತಾಗುವಂತೆ ಮಲಗಿಸಿ ಹಿಡಿದೆ. ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಯಿತು; ಪ್ರತಿ ಅಕ್ಷರದ ಗುಳಿಯೊಳಗೂ ಒಂದೊಂದು ಕಪ್ಪು ನೆರಳು ತುಂಬಿತು. ಮೊದಲು ಒಂದು ಇಸವಿ ಎದ್ದಿತು, ಆಮೇಲೆ ಒಂದು ಹೆಸರಿನ ಅರ್ಧ. ಟಾರ್ಚನ್ನು ಎಡದಿಂದ ಬಲಕ್ಕೆ ತಂದಾಗ ಉಳಿದರ್ಧ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಹೋದರೆ ಸೂರ್ಯನೇ ಈ ಕೆಲಸ ಮಾಡಿಕೊಡುತ್ತಾನೆ.

ಅಕ್ಷರ ಕಾಣಲೆಂದು ಸೀಮೆಸುಣ್ಣ, ಅಕ್ಕಿಹಿಟ್ಟು, ಎಣ್ಣೆ, ಅರಿಸಿನ ಯಾವುದನ್ನೂ ಬಳಿಯಬೇಡಿ. ತಂತಿಯ ಬ್ರಷ್ಷಿನಿಂದ ಪಾಚಿ ಉಜ್ಜಬೇಡಿ. ಪಾಚಿಯ ಜೊತೆಗೆ ಕಲ್ಲಿನ ಹೊರಪದರವೂ ಏಳುತ್ತದೆ, ಅದರ ಜೊತೆಗೆ ಅಕ್ಷರವೂ. ಕಾಗದದ ಮೇಲೆ ಶಾಸನದ ಅಚ್ಚು ತೆಗೆಯುವುದು ಕಲಿತವರ ಕೆಲಸ. ಅದಕ್ಕೆ ಅನುಮತಿಯೂ ಬೇಕು.

ಹಂತ 5: ಬರಹಕ್ಕೆ ಕೈಹಾಕುವ ಮೊದಲು ಆಕಾರ ನೋಡಿ

ಕಣ್ಣು ನೇರವಾಗಿ ಅಕ್ಷರದತ್ತ ಓಡುತ್ತದೆ. ತಡೆದುಕೊಳ್ಳಿ. ಮೊದಲು ದಿಕ್ಸೂಚಿ ತೆಗೆಯಿರಿ. ನಮ್ಮ ನಾಡಿನ ಮುಸ್ಲಿಂ ಗೋರಿಗಳು ಉತ್ತರ–ದಕ್ಷಿಣವಾಗಿರುತ್ತವೆ: ತಲೆ ಉತ್ತರಕ್ಕೆ, ಮುಖ ಪಶ್ಚಿಮದ ಮೆಕ್ಕಾ ಕಡೆಗೆ. ಹಳೆಯ ಕ್ರೈಸ್ತ ಗೋರಿಗಳಲ್ಲಿ ಸಾಮಾನ್ಯವಾಗಿ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಗೋರಿಯ ನೆತ್ತಿಯ ಮೇಲೆ ಉದ್ದನೆಯ ಏಣು ಇದ್ದರೆ ಅದು ಗಂಡಸಿನದು, ಹಲಗೆಯಂತೆ ಚಪ್ಪಟೆಯಾಗಿದ್ದರೆ ಹೆಂಗಸಿನದು ಎಂಬುದು ದಖನ್ನಿನಲ್ಲಿ ಸಾಮಾನ್ಯ ರೂಢಿ. ಹೆಸರಿಲ್ಲದ ಗೋರಿಗಳ ಮುಂದೆ ಈ ಒಂದು ಗುರುತು ತುಂಬ ನೆರವಾಗುತ್ತದೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಪಟ್ಟಿಯಲ್ಲಿ ಕಾಳಗ, ನಡುವಿನಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ, ನೆತ್ತಿಯಲ್ಲಿ ಸೂರ್ಯಚಂದ್ರ. ಕೆಳಪಟ್ಟಿಯಲ್ಲಿ ದನಗಳಿದ್ದರೆ ಅದು ತುರುಗೊಳ್, ಅಂದರೆ ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನ ಕಲ್ಲು. ಬಳೆ ತೊಟ್ಟ ಕೈಯೊಂದು ಮೇಲೆತ್ತಿ ನಿಂತಿದ್ದರೆ ಮಾಸ್ತಿಕಲ್ಲು.

ಹಂತ 6: ಇಸವಿಯನ್ನು ಬಿಡಿಸಿ

ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಅಷ್ಟಕ್ಕೇ ನಿಲ್ಲಬೇಡಿ, ಸಂವತ್ಸರದ ಹೆಸರಿನಿಂದ ತಾಳೆ ನೋಡಿ. ಮಂಡ್ಯ ಜಿಲ್ಲೆಯ ಆತಕೂರಿನ ಪ್ರಸಿದ್ಧ ಕಲ್ಲಿನಲ್ಲಿ ಶಕ 872, ಸೌಮ್ಯ ಸಂವತ್ಸರ ಎಂದಿದೆ. 78 ಕೂಡಿಸಿದರೆ 950. ಅರವತ್ತು ಸಂವತ್ಸರಗಳ ಲೆಕ್ಕ ಹಾಕಿದರೆ ಸೌಮ್ಯ ಬೀಳುವುದು 949–50ಕ್ಕೆ. ಒಂದು ವರ್ಷದ ಈ ವ್ಯತ್ಯಾಸ ಹಳೆಯ ಶಾಸನಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಶಕ ವರ್ಷವನ್ನು ಮುಗಿದದ್ದು ಎಂದು ಎಣಿಸುವುದೇ, ನಡೆಯುತ್ತಿರುವುದು ಎಂದು ಎಣಿಸುವುದೇ ಎಂಬುದರಿಂದ ಹುಟ್ಟುವ ಗೊಂದಲ ಅದು. ಇಂಥ ಕಡೆ ಸಂವತ್ಸರದ ಹೆಸರನ್ನು ನಂಬಿ.

ಆತಕೂರಿನ ಕಲ್ಲಿನ ಮಾತು ಬಂದದ್ದರಿಂದ ಹೇಳಲೇಬೇಕು. ಗಂಗರ ಅರಸ ಬೂತುಗನ ವೀರ ಮಣಲೇರನ ಬಳಿ ಕಾಳಿ ಎಂಬ ನಾಯಿಯಿತ್ತು. ಕಾಡುಹಂದಿಯೊಂದಿಗೆ ಸೆಣಸಿ ಎರಡೂ ಸತ್ತವು. ಆ ನಾಯಿಗಾಗಿ ಈ ಕಲ್ಲನ್ನು ನಿಲ್ಲಿಸಿದರು. ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ರಾಷ್ಟ್ರಕೂಟರು ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸುದ್ದಿ ನಮಗೆ ಸಿಗುವ ಮುಖ್ಯ ಆಧಾರಗಳಲ್ಲಿ ಈ ನಾಯಿಯ ಕಲ್ಲೂ ಒಂದು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಹಂದಿಯ ಮೇಲೆರಗಿದ ಕೆತ್ತನೆಯನ್ನು ಹತ್ತಿರ ನಿಂತು ನೋಡಿ.

ಹಿಜರಿ ವರ್ಷ ಚಂದ್ರನ ಲೆಕ್ಕದ್ದು, ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಿ. ವಿಜಯಪುರದ ಗೋಲಗುಮ್ಮಟದ ದಕ್ಷಿಣ ಬಾಗಿಲಿನ ಮೇಲೆ ಮೂರು ಪರ್ಷಿಯನ್ ವಾಕ್ಯಗಳಿವೆ. ಅಲ್ಲಿ ಅಂಕಿಯಿಲ್ಲ. ಆದರೆ ಪ್ರತಿ ಅಕ್ಷರಕ್ಕೂ ಒಂದು ಬೆಲೆಯಿರುವ ಅಬ್ಜದ್ ಲೆಕ್ಕದಲ್ಲಿ ಕೂಡಿದರೆ ಮೂರೂ ವಾಕ್ಯಗಳು 1067 ಎಂದೇ ಹೇಳುತ್ತವೆ. 1067ರಿಂದ 32 ಕಳೆದು 622 ಕೂಡಿಸಿದರೆ 1657. ಅಲ್ಲಿ ಮಲಗಿರುವ ಸುಲ್ತಾನ ಮಹಮ್ಮದ್ ಆದಿಲ್ ಶಾ ಸತ್ತದ್ದು 1656ರ ಕೊನೆಯಲ್ಲಿ, ಹಿಜರಿ 1067 ಆಗತಾನೇ ಆರಂಭವಾಗಿತ್ತು. ಲೆಕ್ಕ ಕೂಡಿತು.

ಟಿಪ್ಪುವಿನ ಕಾಲದ ಬರಹಗಳಲ್ಲಿ ಇನ್ನೊಂದು ತೊಡಕಿದೆ. ಅವನು ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕವನ್ನು ತಂದ. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಮೌಲೂದಿ 1215 ಎಂದರೆ 1787ರ ಸುಮಾರು. ಹಿಜರಿ ಎಂದು ಬಿಡಿಸಿದಾಗ ಇಸವಿ 1799ನ್ನು ದಾಟಿಹೋದರೆ ಮೌಲೂದಿ ಇರಬಹುದೇ ಎಂದು ನೋಡಿ.

ಇಂಗ್ಲಿಷ್ ಗೋರಿಗಳಲ್ಲಿ ಇಸವಿ ಸುಲಭ. ಎಟಾಟಿಸ್ ಎಂಬ ಲ್ಯಾಟಿನ್ ಪದದ ಮೊಟಕು ರೂಪ ಕಂಡರೆ ಅದರ ಮುಂದಿನ ಅಂಕಿ ವಯಸ್ಸು.

ಹಂತ 7: ಶ್ರೀರಂಗಪಟ್ಟಣದಲ್ಲಿ ಒಂದು ದಿನ

ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ. ಕೊಂದವರು, ಸತ್ತವರು, ಸೆರೆಯಲ್ಲಿ ಕೊಳೆತವರು ಎಲ್ಲರೂ ಒಂದೇ ದ್ವೀಪದಲ್ಲಿ, ಕೆಲವೇ ಕಿಲೋಮೀಟರುಗಳ ಒಳಗೆ ಇದ್ದಾರೆ. ಬೆಂಗಳೂರು–ಮೈಸೂರು ರೈಲಿನಲ್ಲಿ ಬಂದರೆ ಕೋಟೆಯ ಹತ್ತಿರವೇ ಇಳಿಯುತ್ತೀರಿ.

ಕೋಟೆಯೊಳಗೆ ಮೊದಲು ಟಿಪ್ಪುವಿನ ದೇಹ ಸಿಕ್ಕ ಜಾಗಕ್ಕೆ ಹೋಗಿ. ಅಲ್ಲಿರುವುದು ಒಂದು ಚಿಕ್ಕ ಗುರುತುಕಲ್ಲು ಮಾತ್ರ. 1799ರ ಮೇ 4ರ ಸಂಜೆ ಹೆಣಗಳ ರಾಶಿಯ ನಡುವೆ ಪಂಜಿನ ಬೆಳಕಿನಲ್ಲಿ ಅವನನ್ನು ಗುರುತಿಸಿದರು. ಸಮಾಧಿಗಿಂತ ಮೊದಲು ಈ ಜಾಗ ನೋಡಬೇಕು ಎನ್ನುವುದು ನನ್ನ ಹಟ. ಗುಂಬಜ್‌ನ ಶಾಂತಿಯನ್ನು ಮೊದಲು ನೋಡಿದವರಿಗೆ ಆ ಸಾವು ಎಷ್ಟು ಇಕ್ಕಟ್ಟಿನದಾಗಿತ್ತು ಎಂಬುದು ಮನಸ್ಸಿಗೆ ಇಳಿಯುವುದಿಲ್ಲ.

ಅಲ್ಲಿಂದ ಕರ್ನಲ್ ಬೇಲಿ ಸೆರೆಮನೆ. ನದಿಗೆ ಮುಖಮಾಡಿದ, ಇಟ್ಟಿಗೆಯ ಕಮಾನುಗಳ ತಗ್ಗಾದ ಕೋಣೆ. ಗೋಡೆಯಲ್ಲಿ ಕೈದಿಗಳನ್ನು ಬಿಗಿಯಲು ತೂತು ಕೊರೆದ ಕಲ್ಲುಗಳಿವೆ. ಇಂಗ್ಲಿಷ್ ದಂಡಿನ ಅಧಿಕಾರಿ ವಿಲಿಯಂ ಬೇಲಿ 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ದಂಡಿಗೆ ಸೋತು ಸೆರೆಯಾದ. 1782ರ ನವೆಂಬರಿನಲ್ಲಿ ಈ ಊರಿನಲ್ಲೇ ಸತ್ತ. ಅವನನ್ನು ಸೆರೆಹಿಡಿದ ಹೈದರ್ ಒಂದು ತಿಂಗಳೂ ತುಂಬುವ ಮೊದಲು ತೀರಿಕೊಂಡ.

ಇನ್ನು ಕೋಟೆಯಿಂದ ಹೊರಗೆ ಬಂದು ದರಿಯಾ ದೌಲತ್. ಅರಮನೆಯ ಪಶ್ಚಿಮ ಗೋಡೆಯ ಮೇಲಿನ ಪೊಳ್ಳಿಲೂರು ಕದನದ ಚಿತ್ರದಲ್ಲಿ ಬೇಲಿಯನ್ನು ಹುಡುಕಿ. ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಳ್ಳುತ್ತಿರುವವನು ಅವನು. ಮದ್ದಿನ ಬಂಡಿ ಸಿಡಿಯುವುದೂ ಅದೇ ಚಿತ್ರದಲ್ಲಿದೆ. ಗೆದ್ದವರು ಬರೆಸಿದ ಬೇಲಿ ಇದು. ನೆನಪಿಟ್ಟುಕೊಳ್ಳಿ.

ಗಂಜಾಮ್ ದಾಟಿ ದ್ವೀಪದ ಪೂರ್ವ ತುದಿಗೆ ಬಂದರೆ ಲಾಲ್‌ಬಾಗ್, ಅದರ ನಡುವೆ ಗುಂಬಜ್. ಒಳಹೋಗುವ ಮೊದಲು ಸುತ್ತಲಿನ ಕಪ್ಪು ಕಂಬಗಳನ್ನು ಎಣಿಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮೂವತ್ತಾರಿವೆ. ಅಂಗಳದ ಜಗಲಿಯ ಮೇಲಿನ ಸಾಲು ಗೋರಿಗಳನ್ನು ದಾಟಿ ಹೋಗಿಬಿಡಬೇಡಿ, ಅಲ್ಲಿರುವವರು ಆ ಮನೆತನದ ನಂಟರು, ಹತ್ತಿರದವರು. ಏಣಿನ ಗೋರಿ, ಚಪ್ಪಟೆ ಗೋರಿ ಎಂಬ ಗುರುತನ್ನು ಇಲ್ಲಿ ಪರೀಕ್ಷಿಸಿ ನೋಡಿ.

ಗುಂಬಜ್‌ನ ಹತ್ತಿರದಲ್ಲೇ ಬೇಲಿಯ ಸ್ಮಾರಕವಿದೆ. ಬಂದವರು ಅಲ್ಲಿಗೆ ಹೋಗುವುದೇ ಕಡಿಮೆ. ಕಟ್ಟಿಸಿದ್ದು 1816ರಲ್ಲಿ, ಲಖನೌದಲ್ಲಿ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ ಆಗಿದ್ದ ಅವನ ಬಂಧು ಜಾನ್ ಬೇಲಿ. ಸತ್ತು 34 ವರ್ಷವಾದ ಮೇಲೆ, ಟಿಪ್ಪು ಇಲ್ಲವಾಗಿ 17 ವರ್ಷ ಕಳೆದ ಮೇಲೆ. ಬೆಳಿಗ್ಗೆ ಸೆರೆಮನೆ, ನಡುಹಗಲಿಗೆ ಪಲ್ಲಕ್ಕಿಯ ಚಿತ್ರ, ಈಗ ನಂಟ ಕಟ್ಟಿಸಿದ ಕಲ್ಲು. ಒಬ್ಬನೇ ಮನುಷ್ಯ, ಮೂರು ಕೈಗಳು ಬರೆದ ಮೂರು ಬರಹ. ಈ ಕಾರಣಕ್ಕೇ ಈ ಕ್ರಮದಲ್ಲಿ ಹೋಗಿ ಎಂದು ಹೇಳುತ್ತಿರುವುದು.

ಸಂಜೆಯ ಓರೆ ಬಿಸಿಲಿಗೆ ಗ್ಯಾರಿಸನ್ ಸ್ಮಶಾನ. ಹೆದ್ದಾರಿಯಿಂದ ದೂರವಿಲ್ಲ, ಕಾವೇರಿ ದಂಡೆಯಲ್ಲಿದೆ. ಸುಮಾರು 300 ಗೋರಿಗಳು. ಇಲ್ಲಿ ಇಂಗ್ಲಿಷರಷ್ಟೇ ಇಲ್ಲ, ಡಿ ಮ್ಯೂರಾನ್ ರೆಜಿಮೆಂಟಿನ ಸ್ವಿಸ್ ಅಧಿಕಾರಿಗಳೂ ಇದ್ದಾರೆ. ಮೊದಲು ಸಿಲೋನಿನಲ್ಲಿ ಡಚ್ಚರ ಸಂಬಳಕ್ಕಿದ್ದ ಆ ರೆಜಿಮೆಂಟು 1795ರಲ್ಲಿ ಇಂಗ್ಲಿಷರ ಕಡೆಗೆ ಬಂದು 1799ರ ಮುತ್ತಿಗೆಯಲ್ಲಿ ಕಾದಿತು. ಆಲ್ಪ್ಸ್ ಬೆಟ್ಟದ ತಪ್ಪಲಿನ ಹುಡುಗರು ಸಂಬಳಕ್ಕೆಂದು ಹೊರಟು ಕಾವೇರಿಯ ಮರಳಿನ ಬಳಿ ಮಣ್ಣಾದರು. ಇಲ್ಲಿ ಹೆಸರಿಗಿಂತ ವಯಸ್ಸುಗಳನ್ನು ಬರೆದುಕೊಳ್ಳಿ. ಯುದ್ಧ ಮುಗಿದ ಮೇಲಿನ ಇಸವಿಗಳು ಎಷ್ಟಿವೆ ಎಂದು ಎಣಿಸಿ. ಮುತ್ತಿಗೆಯ ನಂತರ ಈ ದ್ವೀಪದಲ್ಲಿ ಕೊಂದದ್ದು ಜ್ವರ. ಅದನ್ನು ತಾಳಲಾರದೆಯೇ 1809ರಲ್ಲಿ ದಂಡು ಬೆಂಗಳೂರಿಗೆ ಎದ್ದುಹೋಯಿತು. ಬೆಂಗಳೂರಿನ ದಂಡುಪ್ರದೇಶ ಹುಟ್ಟಿದ್ದು ಹಾಗೆ.

ಸಮಯ ಉಳಿದರೆ ಕೋಟೆಯ ಪಶ್ಚಿಮಕ್ಕೆ, ಗೋಡೆ ಒಡೆದು ಇಂಗ್ಲಿಷರು ನುಗ್ಗಿದ ಕಡೆಯ ಸ್ಮಾರಕ ಸ್ತಂಭಕ್ಕೂ ಹೋಗಿ ಬನ್ನಿ. 1799ರಲ್ಲಿ ಸತ್ತವರಿಗಾಗಿ ಅದನ್ನು ನಿಲ್ಲಿಸಿದ್ದು ಮೈಸೂರು ಸರ್ಕಾರ, 1907ರಲ್ಲಿ.

ಹಂತ 8: ಕುಖ್ಯಾತರ ಸಮಾಧಿಗೆ ಹೋಗುವಾಗ

ಯಾರ ಕಣ್ಣಿನಲ್ಲಿ ಕುಖ್ಯಾತ ಎಂದು ಮೊದಲು ಕೇಳಿಕೊಳ್ಳಿ. ಸಂಗೊಳ್ಳಿ ರಾಯಣ್ಣ ಕಂಪನಿ ಸರ್ಕಾರದ ಕಾಗದಗಳಲ್ಲಿ ಖಜಾನೆ ಲೂಟಿ ಮಾಡಿ ಕಚೇರಿಗಳಿಗೆ ಬೆಂಕಿ ಇಟ್ಟ ಬಂಡುಕೋರ. 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ಸಮಾಧಿಯ ಮೇಲಿನ ಆಲದ ಮರವನ್ನು ಗೆಳೆಯನೊಬ್ಬ ನೆಟ್ಟ ಎನ್ನುತ್ತಾರೆ. ಮಕ್ಕಳಾಗಲೆಂದು ಜನ ಆ ಮರಕ್ಕೆ ತೊಟ್ಟಿಲು ಕಟ್ಟುತ್ತಾರೆ. ಅವನ ರಾಣಿ ಕಿತ್ತೂರು ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು, ಸಮಾಧಿ ಅದೇ ಊರಿನಲ್ಲಿದೆ. ಎರಡನ್ನೂ ಒಂದೇ ಪಯಣದಲ್ಲಿ ನೋಡಬಹುದು.

ವೀರಪ್ಪನ್‌ನ ವಿಷಯ ಬೇರೆ. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ ತಮಿಳುನಾಡು ಪೊಲೀಸರ ಗುಂಡಿಗೆ ಬಲಿಯಾದ ಅವನನ್ನು ಹೂಳಿರುವುದು ಮೇಟ್ಟೂರಿನ ಬಳಿಯ ಮೂಲಕ್ಕಾಡಿನಲ್ಲಿ. ಕುತೂಹಲದಿಂದ ಅಲ್ಲಿಗೆ ಹೋಗುವವರು ಬಹಳ. ಹೋಗಲೇಬೇಕೆಂದಿದ್ದರೆ ಅದಕ್ಕೆ ಮೊದಲು ಹನೂರು ಕಡೆಯ ಗೋಪಿನಾಥಂಗೆ ಹೋಗಿ ಎನ್ನುತ್ತೇನೆ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಆ ಊರಿನ ಜನರ ನಡುವೆ ಕೆಲಸ ಮಾಡಿದರು, ಅವರಿಗೆ ಗುಡಿ ಕಟ್ಟಿಸಿಕೊಟ್ಟರು. 1991ರ ನವೆಂಬರ್ 10ರಂದು, ಶರಣಾಗುತ್ತೇನೆಂದು ನಂಬಿಸಿ ಕರೆಸಿಕೊಂಡ ವೀರಪ್ಪನ್ ಅವರನ್ನು ಕೊಂದ. ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ಬಂತು. ಊರಿನವರು ಇಂದಿಗೂ ಅವರನ್ನು ನೆನೆಯುತ್ತಾರೆ. ಕೊಂದವನ ಗೋರಿಯ ಫೋಟೊ ಸಾವಿರ ಸಿಗುತ್ತವೆ, ಸತ್ತವರ ನೆನಪಿನ ಜಾಗವನ್ನು ಹುಡುಕಿಕೊಂಡು ಹೋಗುವವರು ಕಡಿಮೆ ಎಂಬುದು ನನಗೆ ನೋವಿನ ಸಂಗತಿ. ಅಂಥ ಊರುಗಳಲ್ಲಿ ಕಳೆದುಕೊಂಡ ಮನೆಯವರು ಇನ್ನೂ ಬದುಕಿದ್ದಾರೆ. ಎತ್ತರದ ದನಿಯಲ್ಲಿ ಕಥೆ ಹೇಳಬೇಡಿ, ಯಾರ ಮುಖಕ್ಕೂ ಮೊಬೈಲ್ ಹಿಡಿಯಬೇಡಿ.

ಹಂತ 9: ಸಮಾಧಿಯೇ ಇಲ್ಲದವರು, ಇದೆ ಎನ್ನುವವರು

ಟಿಪ್ಪುವಿನ ಸೆರೆಯಿಂದ 1799ರಲ್ಲಿ ಬಿಡಿಸಿಕೊಂಡ ಧೋಂಡಿಯಾ ವಾಘ್ ‘ಉಭಯಲೋಕಾಧೀಶ್ವರ’ ಎಂದು ಕರೆದುಕೊಂಡು ದಂಡು ಕಟ್ಟಿದ. 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ಲಿನಲ್ಲಿ ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಕುದುರೆ ದಂಡಿಗೆ ಸಿಕ್ಕಿ ಸತ್ತ. ಹೋಗಿ ನಿಲ್ಲಲು ಅವನಿಗೊಂದು ಪ್ರಸಿದ್ಧ ಗೋರಿಯಿಲ್ಲ. ಅವನ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯೇ ಸಾಕಿಸಿದ. ಇಂಥವರಿಗೆ ಕದನ ನಡೆದ ಊರೇ ಸಮಾಧಿ. ನಿಮ್ಮ ಹಾಳೆಯಲ್ಲಿ ಹಾಗೆಯೇ ಬರೆಯಿರಿ.

ಆನೆಗೊಂದಿಯ ಬಳಿ ಹೊಳೆಯ ನಡುವಿನ ಅರವತ್ತನಾಲ್ಕು ಕಂಬದ ಮಂಟಪವನ್ನು ಕೃಷ್ಣದೇವರಾಯನ ಸಮಾಧಿ ಎನ್ನುತ್ತಾರೆ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಅದು ಮುಳುಗುತ್ತದೆ. ಹೋಗಿ, ನೋಡಿ. ಬರೆಯುವಾಗ ‘ಎನ್ನುತ್ತಾರೆ’ ಎಂಬ ಪದವನ್ನು ಮಾತ್ರ ಬಿಡಬೇಡಿ.

ಹಂತ 10: ನಡವಳಿಕೆ ಮತ್ತು ಕಾನೂನು

ದರ್ಗಾ, ಗದ್ದುಗೆ, ಬೃಂದಾವನಗಳಲ್ಲಿ ಆಯಾ ಜಾಗದ ಮಡಿ, ಉಡುಪು, ಪ್ರವೇಶದ ಪದ್ಧತಿಗಳನ್ನು ಕೇಳಿಕೊಂಡೇ ಒಳಹೋಗಿ. ಗೋರಿಯ ಮೇಲೆ ಕೂರುವುದು, ಚೀಲ ಇಡುವುದು ಬೇಡ. ಕೇಂದ್ರದ ಸಂರಕ್ಷಿತ ಸ್ಮಾರಕಗಳಲ್ಲಿ ಹೆಸರು ಗೀಚಿದರೆ, ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಲ್ಲಿಂದ ಒಂದು ಚೂರು ಕಲ್ಲನ್ನೂ ಮನೆಗೆ ತರಬೇಡಿ.

ಹಂತ 11: ಹೆಸರಿಲ್ಲದವರನ್ನು ಬರೆದುಕೊಳ್ಳುವುದು

ಇದನ್ನು ಕೊನೆಗೆ ಇಟ್ಟದ್ದು ಕಷ್ಟದ ಕೆಲಸವೆಂದು. ವಿಜಯಪುರಕ್ಕೆ ಹೋದವರು ಗೋಲಗುಮ್ಮಟದಲ್ಲಿ ಕೂಗು ಹಾಕುತ್ತಾರೆ. ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ನಡುಮನೆಯಲ್ಲಿ ಕಾಣುವ ಗೋರಿಗಳು ಬರೀ ಗುರುತಿನವು, ನಿಜವಾದವು ನೆಲಮಾಳಿಗೆಯಲ್ಲಿವೆ. ಇಬ್ರಾಹಿಂ ರೌಜಾಕ್ಕೆ ಹೋದರೆ ಬಾಗಿಲ ಬರಹದಲ್ಲಿ ರಾಣಿ ತಾಜ್ ಸುಲ್ತಾನಾಳ ಹೆಸರು, ಕಟ್ಟಿದ ಮಲಿಕ್ ಸಂದಲನ ಹೆಸರು, ಖರ್ಚಾದ ಒಂದೂವರೆ ಲಕ್ಷ ಹೊನ್ನಿನ ಲೆಕ್ಕ ಎಲ್ಲವೂ ಇವೆ. ಅಲ್ಲಿ ಬರೆದುಕೊಳ್ಳುವುದು ಸುಲಭ.

ಊರ ಹೊರಗಿನ ಸಾಠ್ ಕಬರ್‌ನಲ್ಲಿ ಬರೆದುಕೊಳ್ಳಲು ಹೆಸರೇ ಇಲ್ಲ. ಹಾಳು ಬಿದ್ದ ಜಗಲಿಯ ಮೇಲೆ ಒಂದರ ಪಕ್ಕ ಒಂದು, ಸಾಲು ಸಾಲಾಗಿ ಅರವತ್ತಕ್ಕೂ ಮೀರಿದ ಗೋರಿಗಳು. ಎಲ್ಲವೂ ಒಂದೇ ಅಳತೆಯವು, ಒಂದೇ ಕಪ್ಪು ಕಲ್ಲಿನವು, ನೆತ್ತಿ ಚಪ್ಪಟೆ. ಎಲ್ಲವೂ ಹೆಂಗಸರವು. ಶಿವಾಜಿಯ ಮೇಲೆ ದಂಡೆತ್ತಿ ಹೊರಟ ವಿಜಯಪುರದ ಸೇನಾಪತಿ ಅಫಜಲಖಾನ್, ತಾನು ಮರಳಿ ಬರುವುದಿಲ್ಲವೆಂಬ ಭವಿಷ್ಯ ಕೇಳಿ, ತನ್ನ ಹೆಂಡಂದಿರನ್ನೆಲ್ಲ ಕೊಲ್ಲಿಸಿದ ಎಂದು ಊರಿನ ಕಥೆ. ಅವನು 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಶಿವಾಜಿಯ ಕೈಯಲ್ಲಿ ಸತ್ತ, ಅಲ್ಲೇ ಮಣ್ಣಾದ. ವಿಜಯಪುರದ ಬಳಿ ತನಗಾಗಿ ಕಟ್ಟಿಸುತ್ತಿದ್ದ ಗೋರಿ ಖಾಲಿಯಾಗಿಯೇ ಉಳಿಯಿತು. ಇಷ್ಟು ಇತಿಹಾಸ. ಕೊಂದ ಕಥೆಗೆ ಕಲ್ಲಿನ ಮೇಲೆ ಸಾಕ್ಷಿಯಿಲ್ಲ. ಕಲ್ಲು ಹೇಳುವುದು ಇಷ್ಟೇ: ಇವರು ಹೆಂಗಸರು, ಇಷ್ಟು ಮಂದಿ, ಒಂದೇ ಬಗೆಯ ಗೋರಿ ಇವರಿಗೆ ಸಿಕ್ಕಿತು. ಅಫಜಲಖಾನನ ಹೆಸರು ಎಲ್ಲರ ಬಾಯಲ್ಲಿದೆ, ಇವರಲ್ಲಿ ಒಬ್ಬರ ಹೆಸರೂ ಇಲ್ಲ.

ಇಂಥ ಕಡೆ ‘ಅಫಜಲಖಾನನ ಹೆಂಡಂದಿರ ಗೋರಿಗಳು’ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಜಗಲಿಯ ಒಂದು ಮೂಲೆಯಿಂದ ಆರಂಭಿಸಿ. ನೋಟ್‌ಬುಕ್‌ನಲ್ಲಿ ಒಂದೊಂದು ಗೋರಿಗೆ ಒಂದೊಂದು ಸಾಲು ಕೊಡಿ: ಎಷ್ಟನೆಯ ಸಾಲು, ಎಷ್ಟನೆಯದು, ಉದ್ದ, ಅಗಲ, ಕಲ್ಲು ಒಡೆದಿದೆಯೇ, ಪಕ್ಕಕ್ಕೆ ಸರಿದಿದೆಯೇ. ಹೆಸರಿನ ಕಲಮನ್ನೂ ಗೆರೆ ಎಳೆದು ಇಡಿ, ಖಾಲಿ ಬಿಡಿ. ಕೊನೆಯ ಗೋರಿಯವರೆಗೂ ಬರೆಯಿರಿ. ಬೆಳಿಗ್ಗೆ ಕುಳಿತರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ.